ಪಾಸ್‌ವರ್ಡ್ ಮರೆತ್ರೆ ಮೇಲ್ ವಾಪಸ್ ಬರಲ್ಲ, ಎನ್‌ಕ್ರಿಪ್ಟ್ ಮಾಡೋ ಮುಂಚೆ ಇದನ್ನ ಓದಿ

ಸರ್ವರ್ ನೋಡ್ಕೊಳ್ಳೋ ಕೆಲಸದಲ್ಲಿ ಇದೀನಿ ಅಂತ ಗೊತ್ತಿರೋರೆಲ್ಲ ನನ್ನ ಹತ್ರ ಕೇಳೋದು ಒಂದೇ ಪ್ರಶ್ನೆ, "ಯಾವ ಮೇಲ್ ಸರ್ವೀಸ್ ಸೇಫು, ಯಾರೂ ಓದೋಕೆ ಆಗಬಾರದು, ಕಂಪನಿಯವರೂ ಓದೋಕೆ ಆಗಬಾರದು". ಕೇಳೋದು ತಪ್ಪಲ್ಲ, ಕೇಳ್ಬೇಕಾದ್ದೇ. ಆದ್ರೆ ಕಂಪನಿಯವರಿಗೇ ಓದೋಕೆ ಆಗಲ್ಲ ಅಂದ್ರೆ ನೀವು ಪಾಸ್‌ವರ್ಡ್ ಮರೆತ ದಿನ ಅವರಿಂದ ಏನೂ ಮಾಡೋಕೆ ಆಗಲ್ಲ ಅಂತಾನೂ ಅರ್ಥ, ಇದನ್ನ ಮಾತ್ರ ಯಾರೂ ಕೇಳೋದಿಲ್ಲ. ನಮಗೆಲ್ಲ "ಫರ್ಗಾಟ್ ಪಾಸ್‌ವರ್ಡ್" ಒತ್ತಿ ಅಭ್ಯಾಸ ಆಗಿಬಿಟ್ಟಿದೆ, ಒಂದು ಓಟಿಪಿ ಬಂದ್ರೆ ಮುಗೀತು ಅಂದ್ಕೊಂಡಿದೀವಿ. ಈ ಥರದ ಮೇಲ್‌ನಲ್ಲಿ ಅಷ್ಟಕ್ಕೇ ಮುಗಿಯಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಮೊದಲು ನಮ್ಮ ಇನ್‌ಬಾಕ್ಸ್‌ನಲ್ಲಿ ಏನೇನು ಬಿದ್ದಿದೆ ನೋಡಿ. ಆಧಾರ್ ಪಿಡಿಎಫ್, ಪ್ಯಾನ್ ಕಾರ್ಡ್ ಸ್ಕ್ಯಾನ್, ಸ್ಯಾಲರಿ ಸ್ಲಿಪ್, ಫಾರ್ಮ್ 16, ಸೈಟಿನ ಖಾತಾ, ಇಸಿ, ಅಮ್ಮನ ಸ್ಕ್ಯಾನಿಂಗ್ ರಿಪೋರ್ಟು, ಎಂಟ್ಹತ್ತು ವರ್ಷದ ಹಿಂದಿನ ಆಫರ್ ಲೆಟರ್. ಮೇಲ್ ಹೋಗ್ತಾ ಬರ್ತಾ ದಾರೀಲಿ ಯಾರೂ ಕದೀದೆ ಇರೋಕೆ ಟಿಎಲ್‌ಎಸ್ ಅನ್ನೋ ಭದ್ರತೆ ಇದೆ, ಅದು ಈಗ ಹೆಚ್ಚುಕಮ್ಮಿ ಎಲ್ಲ ಕಡೆ ಇದೆ. ಬಂದು ಸೇರಿದ ಮೇಲೆ ಸರ್ವರ್ ಡಿಸ್ಕಿನಲ್ಲಿ ವರ್ಷಗಟ್ಟಲೆ ಕೂತಿರುತ್ತಲ್ಲ, ಅಪಾಯ ಜಾಸ್ತಿ ಇರೋದು ಅಲ್ಲಿ. ಯಾರೋ ಒಬ್ಬ ಒಂದೇ ಸಲ ಒಳಗೆ ನುಗ್ಗಿದ್ರೂ ನಿಮ್ಮ ಹತ್ತು ವರ್ಷದ ಬದುಕು ಅವನ ಕೈಲಿ.

ಎನ್‌ಕ್ರಿಪ್ಷನ್, ಅಂದ್ರೆ ಕೀ ಅನ್ನೋ ಗುಟ್ಟಿನ ಸಂಕೇತ ಇಲ್ಲದೆ ಯಾರೂ ಓದೋಕೆ ಆಗದ ಹಾಗೆ ಮಾಹಿತಿಯನ್ನ ಬದಲಾಯಿಸಿ ಇಡೋದು, ನಮಗೆ ಹೊಸದೇನಲ್ಲ, ಇ-ಆಧಾರ್ ಪಿಡಿಎಫ್ ತೆಗೆಯೋವಾಗ ಹೆಸರಿನ ಮೊದಲ 4 ಅಕ್ಷರ ಕ್ಯಾಪಿಟಲ್‌ನಲ್ಲಿ, ಆಮೇಲೆ ಹುಟ್ಟಿದ ವರ್ಷ ಅಂತ ಹಾಕ್ತೀವಲ್ಲ, ಅದೂ ಎನ್‌ಕ್ರಿಪ್ಷನ್ನೇ. ಅದನ್ನ ಯಾರೂ ಮರೆಯಲ್ಲ, ಆದ್ರೆ ನಿಮ್ಮನ್ನ ಸ್ವಲ್ಪ ಗೊತ್ತಿರೋ ಯಾರು ಬೇಕಾದ್ರೂ ಊಹಿಸಬಹುದು. ಮರೆಯೋ ಹಾಗೂ ಇರಬಾರದು ಊಹಿಸೋ ಹಾಗೂ ಇರಬಾರದು, ಇಡೀ ಕಷ್ಟ ಇರೋದೇ ಇಲ್ಲಿ.

"ನಾವು ನಿಮ್ಮ ಮೇಲ್ ಎನ್‌ಕ್ರಿಪ್ಟ್ ಮಾಡಿ ಇಡ್ತೀವಿ" ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದರಲ್ಲಿ ಎರಡು ಥರ ಇದೆ. ಜಿಮೇಲ್‌ನಂಥ ಮಾಮೂಲಿ ಸರ್ವೀಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ ಆದ್ರೆ ಕೀ ಇರೋದು ಕಂಪನಿ ಹತ್ರ. ಹಾಗಾಗಿ ನೀವು ಪಾಸ್‌ವರ್ಡ್ ಮರೆತ್ರೂ ನಾನೇ ಅಂತ ಹೇಗಾದ್ರೂ ಸಾಬೀತು ಮಾಡಿದ್ರೆ ಎಲ್ಲ ಮೇಲೂ ಇದ್ದ ಹಾಗೇ ಸಿಗುತ್ತೆ. ಇನ್ನೊಂದು ಥರ ಪ್ರೋಟಾನ್ ಮೇಲ್, ಟೂಟಾ ಇವೆಲ್ಲ. ಇಲ್ಲಿ ನಿಮ್ಮ ಅಕೌಂಟಿಗೆ ಅಂತಾನೇ ಒಂದು ಪ್ರೈವೇಟ್ ಕೀ ಹುಟ್ಟುತ್ತೆ, ಆ ಕೀನ ನಿಮ್ಮ ಪಾಸ್‌ವರ್ಡ್‌ನಿಂದ ಲೆಕ್ಕ ಮಾಡಿ ತೆಗೆದ ಇನ್ನೊಂದು ಕೀ ಇಟ್ಟು ಮುಚ್ಚಿರ್ತಾರೆ. ಪಾಸ್‌ವರ್ಡ್ ಇದ್ದ ಹಾಗೇ ಸರ್ವರ್‌ಗೆ ಹೋಗಲ್ಲ, ಬಿಚ್ಚೋ ಕೆಲಸ ಎಲ್ಲ ನಿಮ್ಮ ಫೋನು ಅಥವಾ ಬ್ರೌಸರ್ ಒಳಗೇ ಆಗುತ್ತೆ. ನೀವು ನೆನಪಿದ್ದೇ ಪಾಸ್‌ವರ್ಡ್ ಬದಲಾಯಿಸಿದ್ರೆ ಹಳೇದ್ರಿಂದ ಆ ಕೀನ ಬಿಚ್ಚಿ ಹೊಸದ್ರಿಂದ ಮುಚ್ತಾರೆ, ಸಾವಿರಾರು ಮೇಲ್‌ನ ಮುಟ್ಟೋದೇ ಬೇಡ. ಮರೆತು ರೀಸೆಟ್ ಮಾಡಿದ್ರೆ, ರಿಕವರಿ ಫ್ರೇಸ್ (ಇಂಥ ದಿನಕ್ಕೆ ಅಂತ ಕಂಪನಿ ಮೊದಲೇ ಕೊಡೋ ಪದಗಳ ಸಾಲು) ಕೂಡ ಇಲ್ಲ ಅಂದ್ರೆ, ಬಿಚ್ಚೋಕೆ ಏನೂ ಇಲ್ಲ. ಪ್ರೋಟಾನ್‌ನಲ್ಲಾದ್ರೆ ಹೊಸ ಕೀ ಹುಟ್ಟುತ್ತೆ, ಇನ್ನು ಮುಂದೆ ಬರೋ ಮೇಲ್ ಓದಬಹುದು, ಹಳೇವೆಲ್ಲ ಮುಚ್ಚಿದ ಹಾಗೇ ಉಳೀತವೆ.

ಇದು ಕಣ್ಣಿಗೆ ಹೇಗೆ ಕಾಣುತ್ತೆ ಅಂತ ಹೇಳ್ತೀನಿ, ನಮ್ಮ ಆಫೀಸಲ್ಲೇ ಆಗಿದ್ದು. ನನ್ನ ಪಕ್ಕದ ಸೀಟಿನ ಹುಡುಗಿ ಇಂಥದ್ದೇ ಒಂದು ಸರ್ವೀಸ್ ಬಳಸ್ತಿದ್ಲು, ಪಾಸ್‌ವರ್ಡ್‌ನ ಬ್ರೌಸರೇ ಹಾಕ್ತಿತ್ತು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆದ್ಮೇಲೆ ಅದೂ ಹೋಯ್ತು. ರೀಸೆಟ್ ಒತ್ತಿದ್ಲು, ಕೋಡ್ ಬಂತು, ಹೊಸ ಪಾಸ್‌ವರ್ಡ್ ಹಾಕಿ ಒಳಗೆ ಹೋದ್ಲು, ಇನ್‌ಬಾಕ್ಸ್ ಪೂರ್ತಿ ಹಾಗೇ ಇದೆ, ಕಳಿಸಿದವರ ಹೆಸರು, ತಾರೀಕು, ಸಬ್ಜೆಕ್ಟ್ ಎಲ್ಲ ಕಾಣ್ತಿದೆ. "ಬಂತು ಬಂತು" ಅಂತ ನನ್ನನ್ನೂ ಕರೆದು ತೋರಿಸಿದ್ಲು. ಆಮೇಲೆ ತುಮಕೂರಿನ ಸೈಟಿಗೆ ಸಂಬಂಧಪಟ್ಟ ವಕೀಲರ ಮೇಲ್ ತೆಗೆದ್ರೆ ಒಳಗೆ "ಬಿಗಿನ್ ಪಿಜಿಪಿ ಮೆಸೇಜ್" ಅಂತ ಒಂದು ಸಾಲು, ಅದರ ಕೆಳಗೆ ಅರ್ಥ ಇಲ್ಲದ ಇಂಗ್ಲಿಷ್ ಅಕ್ಷರ, ಅಂಕಿ, ಪ್ಲಸ್ಸು, ಅಡ್ಡಗೆರೆ, ಸ್ಕ್ರಾಲ್ ಮಾಡಿದಷ್ಟೂ ಅದೇ. ಅಟ್ಯಾಚ್‌ಮೆಂಟ್ ಹೆಸರು ಕಾಣುತ್ತೆ, ತೆಗೆದ್ರೆ ಎರರ್. ಸಬ್ಜೆಕ್ಟ್ ಯಾಕೆ ಕಾಣುತ್ತೆ ಅಂದ್ರೆ ಪಿಜಿಪಿ ಅನ್ನೋ ಮೇಲ್ ಎನ್‌ಕ್ರಿಪ್ಷನ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಮೇಲ್‌ನ ಹೆಡರ್ (ಕಳಿಸಿದವರ ಹೆಸರು, ತಾರೀಕು, ಸಬ್ಜೆಕ್ಟ್ ಇರೋ ಭಾಗ) ಎನ್‌ಕ್ರಿಪ್ಟ್ ಆಗೋದಿಲ್ಲ, ಒಳಗಿನ ವಿಷಯ ಮಾತ್ರ ಆಗೋದು. ಸಪೋರ್ಟ್‌ನವರು ಮರ್ಯಾದೆಯಿಂದಾನೇ ಉತ್ತರ ಕೊಟ್ರು, ಹಳೇ ಪಾಸ್‌ವರ್ಡ್ ಅಥವಾ ರಿಕವರಿ ಫ್ರೇಸ್ ಸಿಕ್ರೆ ಹಳೇ ಕೀ ಮತ್ತೆ ಚಾಲೂ ಆಗುತ್ತೆ, ಎರಡೂ ಇಲ್ಲ ಅಂದ್ರೆ ನಮ್ಮ ಕೈಲೂ ಆಗಲ್ಲ ಅಂತ. ಅವರು ಹೇಳಿದ್ದು ನಿಜ. ಅವಳಿಗೆ ಕಾಗದಪತ್ರ ವಾಪಸ್ ಸಿಕ್ಕಿದ್ದು ವಕೀಲರ ಸೆಂಟ್ ಫೋಲ್ಡರ್‌ನಿಂದ. ಮೇಲ್‌ಗೆ ಯಾವಾಗಲೂ ಎರಡು ತುದಿ ಇರುತ್ತೆ, ಆ ತುದಿಯವರ ಹತ್ರ ಕೇಳೋದನ್ನ ಮರೀಬೇಡಿ. ಆದ್ರೆ ಅಮೆರಿಕದಲ್ಲಿರೋ ಅವಳ ಅಣ್ಣ ಕಳಿಸಿದ್ದ ಫೋಟೋಗಳು ಸಿಗಲಿಲ್ಲ, ಅವರು ಆ ಅಕೌಂಟನ್ನೇ ಮುಚ್ಚಿಬಿಟ್ಟಿದ್ರಂತೆ.

ಹಾಗಾದ್ರೆ ಕೀ ಕಂಪನಿ ಹತ್ರ ಇರೋದೇ ಒಳ್ಳೇದಲ್ವಾ ಅಂತ ಅವಳು ಕೇಳಿದ್ಲು. ನಾನು ಹಾಗೆ ಹೇಳಲ್ಲ, ಯಾಕೆ ಅಂತ ತಿಳ್ಕೊಳ್ಳೋಕೆ ಲಾವಾಬಿಟ್ ಕಥೆ ಗೊತ್ತಿರಬೇಕು. ಲೇಡಾರ್ ಲೆವಿಸನ್ ಅನ್ನೋರು 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರು ಮಾಡಿದ ಮೇಲ್ ಸರ್ವೀಸ್ ಅದು, ದುಡ್ಡು ಕೊಟ್ಟ ಗ್ರಾಹಕರ ಮೇಲ್‌ಗಳನ್ನ ಅವರವರ ಪಾಸ್‌ವರ್ಡ್‌ಗೆ ಕಟ್ಟಿ ಎನ್‌ಕ್ರಿಪ್ಟ್ ಮಾಡಿ ಇಡ್ತಿದ್ರು. ಅಮೆರಿಕ ಸರ್ಕಾರದ ಬೇಹುಗಾರಿಕೆಯ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಅಕೌಂಟ್ ಅಲ್ಲೇ ಇತ್ತು. 2013ರಲ್ಲಿ ಎಫ್‌ಬಿಐ ಬಂದು ಸರ್ವರ್‌ನ ಎಸ್‌ಎಸ್‌ಎಲ್ ಕೀ (ಹೋಗಿ ಬರೋ ಮಾಹಿತಿಯನ್ನ ದಾರೀಲಿ ಮುಚ್ಚಿಡೋ ಕೀ) ಕೊಡಿ ಅಂತು. ಲೆವಿಸನ್ ಅದನ್ನ 4 ಪಾಯಿಂಟ್ ಸೈಜಿನ ಅಕ್ಷರದಲ್ಲಿ 11 ಪುಟ ಪ್ರಿಂಟ್ ಹಾಕಿ ಕೊಟ್ರು, ಕೋರ್ಟ್ ದಿನಕ್ಕೆ 5,000 ಡಾಲರ್ ದಂಡ ಹಾಕ್ತು, ಕೊನೆಗೆ ಆಗಸ್ಟ್ 8ಕ್ಕೆ ಸರ್ವೀಸನ್ನೇ ಮುಚ್ಚಿದ್ರು. ಮೇಲ್ ಎಲ್ಲ ಎನ್‌ಕ್ರಿಪ್ಟ್ ಆಗಿದ್ರೂ ಎಸ್‌ಎಸ್‌ಎಲ್ ಕೀ ಯಾಕೆ ಬೇಕಿತ್ತು ಅಂದ್ರೆ, ಅಲ್ಲಿ ಲಾಗಿನ್ ಮಾಡೋವಾಗ ಪಾಸ್‌ವರ್ಡ್ ಸರ್ವರ್ ತನಕ ಹೋಗ್ತಿತ್ತು, ದಾರೀಲಿ ಅದನ್ನ ಹಿಡಿದ್ರೆ ಆಮೇಲೆ ಎಲ್ಲ ತೆಗೆಯಬಹುದಿತ್ತು. ಡವ್‌ಕಾಟ್ ಅನ್ನೋ ಮೇಲ್ ಸರ್ವರ್‌ನ ಮೇಲ್-ಕ್ರಿಪ್ಟ್ ಪ್ಲಗಿನ್‌ನ ಬಳಸೋರ ಪಾಸ್‌ವರ್ಡ್‌ಗೆ ಕಟ್ಟಿ ಇಟ್ಟಾಗ ಆಗಲಿ, ರೈಸ್‌ಅಪ್ ಅನ್ನೋ ಮೇಲ್ ಸರ್ವೀಸ್‌ನವರು 2017ರಲ್ಲಿ ತಂದ ಸ್ಟೋರೇಜ್ ಎನ್‌ಕ್ರಿಪ್ಷನ್ ಆಗಲಿ ಹೆಚ್ಚುಕಮ್ಮಿ ಇದೇ ಜಾತಿ. ಡಿಸ್ಕ್ ಕಳುವಾದ್ರೆ, ಬ್ಯಾಕಪ್ ಸೋರಿಹೋದ್ರೆ ಇವು ಕಾಪಾಡ್ತವೆ, ಸರ್ವರ್ ಚಾಲೂ ಇರೋವಾಗಲೇ ಕೈವಶ ಆದ್ರೆ ಅಷ್ಟಾಗಿ ಕಾಪಾಡಲ್ಲ. ಆದ್ರೆ ಪಾಸ್‌ವರ್ಡ್ ಮರೆತ್ರೆ ಮಾತ್ರ ಇಲ್ಲೂ ಅದೇ ಕಥೆ, ಮೇಲ್ ಹೋಯ್ತು.

ಪತ್ರಕರ್ತರು, ವಕೀಲರು, ಗಂಡನ ಮನೆ ಬಿಟ್ಟು ಬಂದು ಕೇಸ್ ನಡೆಸ್ತಿರೋ ಹೆಣ್ಣುಮಕ್ಕಳು, ಕಾಯಿಲೆ ವಿಷಯ ಯಾರಿಗೂ ಗೊತ್ತಾಗಬಾರದು ಅಂತಿರೋರು, ಇವರಿಗೆಲ್ಲ ಇದು ಬೇಕೇ ಬೇಕು. ಅದಕ್ಕೇ ಎನ್‌ಕ್ರಿಪ್ಟ್ ಮಾಡ್ಬೇಡಿ ಅಂತ ನಾನು ಯಾವತ್ತೂ ಹೇಳಲ್ಲ, ರಿಕವರಿ ವ್ಯವಸ್ಥೆ ಮೊದಲು ಮಾಡಿ ಎನ್‌ಕ್ರಿಪ್ಷನ್ ಆಮೇಲೆ ಮಾಡಿ ಅಂತೀನಿ. ನಮ್ಮಲ್ಲಿ ಇದು ಉಲ್ಟಾ ಆಗುತ್ತೆ, ಅಕೌಂಟ್ ಮಾಡೋವಾಗ ಪ್ರೋಟಾನ್ 12 ಪದದ ಫ್ರೇಸ್ ಕೊಡುತ್ತೆ, ಟೂಟಾ 64 ಅಕ್ಷರದ ಕೋಡ್ ಕೊಡುತ್ತೆ, ಆಮೇಲೆ ನೋಡಿದ್ರಾಯ್ತು ಅಂತ ಮುಂದಕ್ಕೆ ಒತ್ತಿಬಿಡ್ತೀವಿ. ಇಲ್ಲಾಂದ್ರೆ ಸ್ಕ್ರೀನ್‌ಶಾಟ್ ತೆಗೆದು ಅದೇ ಮೇಲ್ ಅಕೌಂಟಿಗೆ ಕಳಿಸ್ಕೊಳ್ತೀವಿ, ಬೇಕಾದ ದಿನ ಅದೂ ಒಳಗೇ ಸಿಕ್ಕಿಹಾಕ್ಕೊಂಡಿರುತ್ತೆ.

ಈಗ ಪಾಸ್‌ವರ್ಡ್ ವಿಷಯ, ಇಲ್ಲಿ ಕನ್ನಡದವರಿಗೇ ಅಂತ ಒಂದು ತೊಂದರೆ ಇದೆ, ಇಂಗ್ಲಿಷ್ ಗೈಡ್‌ಗಳಲ್ಲಿ ಇದು ನಿಮಗೆ ಸಿಗಲ್ಲ. ನಾವು ಊರ ಹೆಸರೋ, ಅಜ್ಜಿ ಹೇಳ್ತಿದ್ದ ಮಾತೋ ತಗೊಂಡು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ತೀವಿ. ಮಾತು ನೆನಪಿರುತ್ತೆ, ಸ್ಪೆಲ್ಲಿಂಗ್ ಮರೆತುಹೋಗುತ್ತೆ. ದೀರ್ಘಕ್ಕೆ ಒಂದು "ಎ" ಹಾಕಿದ್ನಾ ಎರಡು ಹಾಕಿದ್ನಾ, "ತ"ಗೆ ಬರೀ "ಟಿ" ನಾ ಅಥವಾ ಜೊತೆಗೆ "ಎಚ್" ಇತ್ತಾ, "ಳ" ಕ್ಯಾಪಿಟಲ್ಲಾ? ನಾಲ್ಕು ಪದದ ವಾಕ್ಯದಲ್ಲಿ ಇಂಥವು ಆರೇಳು ಜಾಗ ಇದ್ರೆ ನೂರರ ಆಸುಪಾಸು ರೂಪ ಆಗುತ್ತೆ. ಹಾಗಂತ ಕನ್ನಡ ಲಿಪಿಯಲ್ಲೇ ಇಟ್ರೆ ಬೇರೆ ತಲೆನೋವು. "ಕೊ" ಅಂತ ಬರೆಯೋಕೆ ಯೂನಿಕೋಡ್‌ನಲ್ಲಿ (ಕಂಪ್ಯೂಟರ್ ಬಳಸೋ ಅಕ್ಷರ ಸಂಕೇತಗಳ ಪಟ್ಟಿ) ಎರಡು ದಾರಿ, ಒತ್ವ ಅಂತ ಒಂದೇ ಸಂಕೇತ ಇದೆ, ಎತ್ವ ಮತ್ತೆ ಊ ಸ್ವರದ ಕೊಂಬು ಸೇರಿಸಿದ್ರೂ ಅದೇ ಆಕಾರ ಬರುತ್ತೆ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಅರ್ಧಾಕ್ಷರ ಒತ್ತಾಗದ ಹಾಗೆ ತಡೆಯೋ ಆ ಕಾಣದ ಅಕ್ಷರ, ಝಡ್‌ಡಬ್ಲ್ಯೂಎನ್‌ಜೆ, ಅದೂ ಹಾಗೇ. ಕೆಲವು ಸಾಫ್ಟ್‌ವೇರ್ ಇದನ್ನ ಸರಿಮಾಡ್ಕೊಳ್ಳುತ್ತೆ, ಕೆಲವು ಮಾಡ್ಕೊಳ್ಳಲ್ಲ. ಲ್ಯಾಪ್‌ಟಾಪ್ ಆನ್ ಆಗೋವಾಗ ಡಿಸ್ಕ್ ಪಾಸ್‌ವರ್ಡ್ ಕೇಳೋ ಸ್ಕ್ರೀನ್‌ನಲ್ಲಂತೂ ಕನ್ನಡ ಕೀಬೋರ್ಡ್ ಸಿಗೋದೇ ಕಷ್ಟ. ನನ್ನ ಮಟ್ಟಿಗೆ ಡೈಸ್‌ವೇರ್ ಪದ್ಧತಿಯೇ ಸರಿ, ದಾಳ ಹಾಕಿ 7,776 ಪದದ ಪಟ್ಟಿಯಿಂದ ಆರು ಪದ ಆರಿಸೋದು. ಎಲ್ಲ ಸಣ್ಣ ಅಕ್ಷರ, ಸ್ಪೆಲ್ಲಿಂಗ್ ಡಿಕ್ಷನರಿಯಲ್ಲಿ ಇರೋದೇ. ಆರು ಪದಕ್ಕೆ 77 ಬಿಟ್‌ನಷ್ಟು ಬಲ ಬರುತ್ತೆ, ಅಂದ್ರೆ ಎರಡನ್ನ 77 ಸಲ ಗುಣಿಸಿದಷ್ಟು ಸಾಧ್ಯತೆ, ಸಾಕು.

ಅದನ್ನ ಕಾಗದದ ಮೇಲೆ ಬರೆದಿಡಿ. ಪಾಸ್‌ವರ್ಡ್ ಬರೆದಿಡಬಾರದು ಅಂತ ಆಫೀಸ್ ಟ್ರೈನಿಂಗ್‌ನಲ್ಲಿ ಹೇಳ್ತಾರೆ, ಅದು ಮಾನಿಟರ್ ಮೇಲೆ ಚೀಟಿ ಅಂಟಿಸೋರಿಗೆ ಹೇಳಿದ್ದು. ಮನೆಯ ಗೋದ್ರೇಜ್ ಬೀರುವಿಗೆ ಬಂದು ನಿಮ್ಮ ಮೇಲ್ ಪಾಸ್‌ವರ್ಡ್ ಹುಡುಕೋ ಕಳ್ಳರು ಕಮ್ಮಿ, ಮರೆವು ಎಲ್ಲರ ಮನೆಗೂ ಬರುತ್ತೆ. ಒಂದೇ ಕಾಗದ ಸಾಲಲ್ಲ. ಸ್ಟೆಫನ್ ಥಾಮಸ್ ಅನ್ನೋ ಪ್ರೋಗ್ರಾಮರ್ ವಿಷಯ 2021ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದಿತ್ತು, ಐರನ್‌ಕೀ ಅನ್ನೋ ಎನ್‌ಕ್ರಿಪ್ಟೆಡ್ ಪೆನ್‌ಡ್ರೈವ್‌ನಲ್ಲಿ 7,002 ಬಿಟ್‌ಕಾಯಿನ್‌ನ ಕೀ, ಪಾಸ್‌ವರ್ಡ್ ಬರೆದಿದ್ದ ಕಾಗದ ಕಳೆದುಹೋಗಿದೆ, ತಪ್ಪು ಊಹೆಗೆ 10 ಅವಕಾಶ ಮಾತ್ರ, 8 ಮುಗಿದಿತ್ತು. ಆತ ಬರೆದಿಟ್ಟಿದ್ರು, ಆದ್ರೆ ಒಂದೇ ಕಡೆ. ಒಂದು ಪ್ರತಿ ಬೀರುವಿನಲ್ಲಿ ಇರಲಿ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲೋ ಊರ ಮನೇಲೋ ಇರಲಿ. ಅದು ಏನು, ಯಾವುದಕ್ಕೆ ಅಂತ ಹೆಂಡತಿಗೋ ಗಂಡನಿಗೋ ಒಬ್ಬರಿಗಾದ್ರೂ ಹೇಳಿರಿ. ಮಾಮೂಲಿ ಮೇಲ್ ಆದ್ರೆ ನಮಗೆ ಏನಾದ್ರೂ ಆದಾಗ ಮನೆಯವರು ಡೆತ್ ಸರ್ಟಿಫಿಕೇಟ್ ಕೊಟ್ಟು ಕಂಪನಿ ಹತ್ರ ಕೇಳೋಕಾದ್ರೂ ದಾರಿ ಇದೆ, ಇಲ್ಲಿ ಕೋರ್ಟ್ ಆರ್ಡರ್ ತಂದ್ರೂ ಒಳಗಿರೋದನ್ನ ಅವರು ಓದಿಕೊಡೋಕೆ ಆಗಲ್ಲ. ಆದಿ ಶಮೀರ್ ಅನ್ನೋ ವಿಜ್ಞಾನಿ 1979ರಲ್ಲಿ ತೋರಿಸಿದ ಹಾಗೆ ಗುಟ್ಟನ್ನ ಮೂರು ಭಾಗ ಮಾಡಿ ಯಾವ ಎರಡು ಸೇರಿದ್ರೂ ತೆರೆಯೋ ಹಾಗೆ ಇಡಬಹುದು, ಗಣಿತ ತುಂಬಾ ಚಂದ ಇದೆ, ಆದ್ರೆ ದುಃಖದಲ್ಲಿರೋ ಮನೆಯವರ ಕೈಗೆ ಅದನ್ನ ಕೊಡೋಕೆ ನನಗೆ ಮನಸ್ಸಿಲ್ಲ. ಅಂಟಿಸಿದ ಕವರ್ ಒಂದೇ ಸಾಕು.

ನಾನು ಮಾಡ್ಕೊಂಡಿರೋದು ಇಷ್ಟು, ಎಲ್ಲ ಮೇಲೂ ಥಂಡರ್‌ಬರ್ಡ್ ಅನ್ನೋ ಮೇಲ್ ಸಾಫ್ಟ್‌ವೇರ್‌ಗೆ ಇಳಿಸ್ಕೊಳ್ತೀನಿ, ಲಿನಕ್ಸ್ ಲ್ಯಾಪ್‌ಟಾಪ್ ಡಿಸ್ಕ್ ಪೂರ್ತಿ ಲಕ್ಸ್ ಅನ್ನೋ ಲಿನಕ್ಸ್‌ನ ಡಿಸ್ಕ್ ಬೀಗದ ವ್ಯವಸ್ಥೆಯಿಂದ ಎನ್‌ಕ್ರಿಪ್ಟ್ ಆಗಿದೆ. ಥಂಡರ್‌ಬರ್ಡ್‌ನ ಪ್ರೈಮರಿ ಪಾಸ್‌ವರ್ಡ್ ಹಾಕಿದ್ರೆ ಮೇಲ್ ಎಲ್ಲ ಭದ್ರ ಅಂತ ತುಂಬಾ ಜನ ನಂಬಿದಾರೆ, ಅಲ್ಲ, ಅದು ಕಾಯೋದು ಸೇವ್ ಆಗಿರೋ ಪಾಸ್‌ವರ್ಡ್‌ಗಳನ್ನ ಮತ್ತೆ ಪಿಜಿಪಿ ಕೀಗಳನ್ನ, ಡಿಸ್ಕಿನ ಮೇಲಿನ ಮಾಮೂಲಿ ಮೇಲ್ ಫೈಲ್‌ಗಳನ್ನ ಯಾರು ಬೇಕಾದ್ರೂ ತೆಗೆದು ಓದಬಹುದು. ಲಕ್ಸ್‌ನಲ್ಲಿ ನನಗೆ ಇಷ್ಟ ಆಗೋದು ಏನಂದ್ರೆ ಒಂದೇ ಡಿಸ್ಕಿಗೆ ಒಂದಕ್ಕಿಂತ ಹೆಚ್ಚು ಪಾಸ್‌ವರ್ಡ್ ಇಡಬಹುದು, ಹಳೇ ಲಕ್ಸ್‌ನಲ್ಲೇ 8 ಸ್ಲಾಟ್ ಇತ್ತು. ಒಂದು ನಾನು ದಿನಾ ಬೆಳಗ್ಗೆ ಟೈಪ್ ಮಾಡೋದು, ಇನ್ನೊಂದು ಕಾಗದದಲ್ಲಿ ಮಾತ್ರ ಇರೋದು. ದಿನಾ ಬೆರಳಿಂದ ಟೈಪ್ ಮಾಡೋ ಪಾಸ್‌ವರ್ಡ್ ಅಷ್ಟು ಸುಲಭಕ್ಕೆ ಮರೆಯಲ್ಲ, ಬ್ರೌಸರ್ ತುಂಬಿಕೊಡೋದು ಮರೆತುಹೋಗುತ್ತೆ. ಲಕ್ಸ್ ಹೆಡರ್ (ಡಿಸ್ಕಿನಲ್ಲಿ ಕೀ ಮುಚ್ಚಿಟ್ಟಿರೋ ಭಾಗ) ಕೆಟ್ರೆ ಸರಿ ಪಾಸ್‌ವರ್ಡ್ ಇದ್ರೂ ಪ್ರಯೋಜನ ಇಲ್ಲ, ಅದರ ಬ್ಯಾಕಪ್ಪೂ ಬೇಕು. ಹಾಗೇ ನಮ್ಮದೇ ಒಂದು ಪ್ರತಿ ಮನೇಲಿ ಇರಬೇಕು ಅನ್ನೋದಕ್ಕೆ ಇನ್ನೊಂದು ಕಾರಣ, 2025ರ ಏಪ್ರಿಲ್‌ನಲ್ಲಿ ಒಂದು ಕಂಪನಿಗೆ ಅಶ್ಲೀಲ ಮೇಲ್‌ಗಳು ಬಂದ ಕೇಸ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಪ್ರೋಟಾನ್ ಮೇಲ್ ಬ್ಲಾಕ್ ಮಾಡೋ ಪ್ರಕ್ರಿಯೆ ಶುರು ಮಾಡಿ ಅಂತ ಕೇಂದ್ರಕ್ಕೆ ಹೇಳಿತ್ತು. ಪಾಸ್‌ವರ್ಡ್ ಕಂಠಪಾಠ ಇದ್ರೂ ಬಾಗಿಲೇ ಮುಚ್ಚಿದ್ರೆ?

ಪಿಜಿಪಿ ಬಳಸೋರಿಗೆ ಒಂದು ಮಾತು, ಹಳೇ ಪ್ರೈವೇಟ್ ಕೀಗಳನ್ನ ಯಾವತ್ತೂ ಡಿಲೀಟ್ ಮಾಡ್ಬೇಡಿ. ಅವಧಿ ಮುಗಿದ ಕೀಯಿಂದಾನೂ ಹಳೇ ಮೇಲ್ ಓದಬಹುದು, ಅಳಿಸಿದ ಕೀಯಿಂದ ಆಗಲ್ಲ. 2020ರಲ್ಲಿ ಥಂಡರ್‌ಬರ್ಡ್ 78 ಬಂದಾಗ ಅದರಲ್ಲಿ ಪಿಜಿಪಿ ಬಳಸೋಕೆ ಇದ್ದ ಎನಿಗ್‌ಮೇಲ್ ಆ್ಯಡ್‌ಆನ್ ನಿಂತು ಕೀಗಳನ್ನ ಥಂಡರ್‌ಬರ್ಡ್ ಒಳಕ್ಕೇ ತರಬೇಕಾಯ್ತು, ಆಗ ಹಳೇ ಕಂಪ್ಯೂಟರ್‌ನಲ್ಲೇ ಬಿಟ್ಟ ಕೀ ಏನಾದ್ರೂ ಇದೆಯಾ ಅಂತ ಒಂದ್ಸಲ ನೋಡಿ.

ಈಗಾಗಲೇ ಮರೆತು ಕೂತಿದ್ರೆ ದಯವಿಟ್ಟು ಗಾಬರಿಯಲ್ಲಿ ರೀಸೆಟ್ ಒತ್ತಬೇಡಿ. ಮೊದಲು ಎಲ್ಲಾದ್ರೂ ಇನ್ನೂ ಲಾಗಿನ್ ಆಗಿದೀರಾ ನೋಡಿ, ಹಳೇ ಫೋನು, ಟ್ಯಾಬು, ಆಫೀಸ್ ಬ್ರೌಸರ್. ಇದ್ರೆ ಅಲ್ಲಿ ಲಾಗೌಟ್ ಆಗದೆ, ಆ್ಯಪ್ ಅಪ್‌ಡೇಟ್ ಕೂಡ ಮಾಡದೆ, ಮುಖ್ಯವಾದ ಮೇಲ್‌ಗಳನ್ನ ಪಿಡಿಎಫ್ ಮಾಡಿಯೋ ಫಾರ್ವರ್ಡ್ ಮಾಡಿಯೋ ಹೊರಗೆ ತಗೊಳ್ಳಿ, ರೀಸೆಟ್ ಮಾಡಿದ್ರೆ ಆ ಲಾಗಿನ್ನೂ ಹೋಗುತ್ತೆ. ಬ್ರೌಸರ್‌ನ ಸೇವ್ ಆದ ಪಾಸ್‌ವರ್ಡ್ ಪಟ್ಟಿಯನ್ನ ಎಲ್ಲ ಕಂಪ್ಯೂಟರ್‌ನಲ್ಲೂ ಹುಡುಕಿ, ಆ ವರ್ಷದ ಡೈರಿ ಹುಡುಕಿ. ರೀಸೆಟ್ ಆಗೇಹೋಗಿದ್ರೂ ಓದೋಕೆ ಆಗದ ಆ ಹಳೇ ಮೇಲ್‌ಗಳನ್ನ ಡಿಲೀಟ್ ಮಾಡ್ಬೇಡಿ, ಜಾಗ ತಿಂದ್ರೂ ಪರವಾಗಿಲ್ಲ ಇರಲಿ, ಯಾವತ್ತೋ ಹಳೇ ಪಾಸ್‌ವರ್ಡ್ ಸಿಕ್ಕಿದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಹಳೇ ಕೀಗೆ ಅದನ್ನ ಹಾಕಿ ನೋಡಿ.