ದುಡ್ಡಿಲ್ಲದ ಕೆಲಸಕ್ಕೆ ಸನ್ಮಾನ ಬೇರೆ ಯಾಕೆ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನನ್ನ ಊರು ದಾವಣಗೆರೆ. ಈಗ ಇರುವುದು ಸಿಡ್ನಿಯಲ್ಲಿ. ಬೇಸಿಗೆಯ ವಾರಾಂತ್ಯಗಳಲ್ಲಿ ಒಂದು ಸರ್ಫ್ ಲೈಫ್‌ಸೇವಿಂಗ್ ಕ್ಲಬ್ಬಿನ ಕಡೆಯಿಂದ ಬೀಚ್ ಕಾಯುತ್ತೇನೆ, ಅಂದರೆ ನೀರಿಗೆ ಇಳಿದವರು ಮುಳುಗದಂತೆ ನೋಡಿಕೊಳ್ಳುತ್ತೇನೆ. ಕೆಂಪು-ಹಳದಿ ಟೋಪಿ ಹಾಕಿಕೊಂಡು ಮರಳಿನ ಮೇಲೆ ನಿಂತಿರುತ್ತಾರಲ್ಲ, ಅವರಲ್ಲಿ ನಾನೂ ಒಬ್ಬಳು. ಇದಕ್ಕೆ ಸಂಬಳ ಇಲ್ಲ. ಸೀಸನ್ ಮುಗಿದ ಮೇಲೆ ಕ್ಲಬ್ಬಿನಲ್ಲಿ ಒಂದು ಸಂಜೆ ಎಲ್ಲರೂ ಸೇರುತ್ತೇವೆ. ಊಟ ಇರುತ್ತದೆ, ಪ್ರಶಸ್ತಿ ಕೊಡುತ್ತಾರೆ, ಹೆಸರು ಕರೆದಾಗ ಜೋರಾಗಿ ಚಪ್ಪಾಳೆ ಹೊಡೆಯುತ್ತಾರೆ. ಮೂರು ವರ್ಷದ ಹಿಂದೆ ನನಗೂ ಒಂದು ಸರ್ಟಿಫಿಕೇಟ್ ಸಿಕ್ಕಿತು. ಖುಷಿಯಲ್ಲಿ ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿದೆ. ಪ್ರಶ್ನೆ ಶುರುವಾಗಿದ್ದು ಅಲ್ಲಿಂದ.

"ಸಂಬಳ ಕೊಡಲ್ವಲ್ಲಾ, ಮತ್ತೆ ಈ ಸನ್ಮಾನ ಎಲ್ಲ ಯಾಕೆ?"

ಅದೇ ವರ್ಷ ಒಂದು ಹಬ್ಬದ ಊಟದಲ್ಲಿ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನನ್ನ ತಟ್ಟೆಯಲ್ಲಿ ಆಗ ತಾನೇ ಹೋಳಿಗೆ ಬಿದ್ದಿತ್ತು. "ಏನಮ್ಮಾ, ಸೇವೆ ಅಂದ್ರೆ ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು. ನೀವು ನೋಡಿದ್ರೆ ಸ್ಟೇಜ್ ಹತ್ತಿ ಪದಕ ತಗೋತೀರಿ" ಅಂದರು. ಪಕ್ಕದಲ್ಲಿದ್ದವರು ನಕ್ಕರು. ಹಬ್ಬದ ದಿನ, ದೊಡ್ಡವರು ಬೇರೆ. "ಹೌದು ಅಂಕಲ್" ಅಂದು ಸುಮ್ಮನಾದೆ. ಆ ಹೋಳಿಗೆಯ ರುಚಿ ಮಾತ್ರ ನನಗೆ ಗೊತ್ತಾಗಲಿಲ್ಲ.

ಅವತ್ತು ಹೇಳಬೇಕಾಗಿದ್ದನ್ನು ಇವತ್ತು ಹೇಳುತ್ತೇನೆ. ಅಂಕಲ್, ಆ ಗಾದೆ ದುಡ್ಡು ಕೊಡುವವರಿಗೆ ಸರಿ. ಸಮುದ್ರದ ಹತ್ತಿರ ಬಲಗೈ ಏನು ಮಾಡುತ್ತಿದೆ ಅಂತ ಎಡಗೈಗೆ ಗೊತ್ತಿರಲೇಬೇಕು. ಒಬ್ಬರು ಬೋರ್ಡ್ ಹಿಡಿದು ನೀರಿಗೆ ಇಳಿದರೆ ಇನ್ನೊಬ್ಬರು ದಡದಲ್ಲಿ ರೇಡಿಯೊ ಹಿಡಿದಿರುತ್ತಾರೆ. ಮತ್ತೊಬ್ಬರು ಆಕ್ಸಿಜನ್ ಮತ್ತು ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ತರಲು ಓಡುತ್ತಾರೆ. ಯಾರು ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ಇಳಿದರು, ಯಾರು ವಾಪಸ್ ಬಂದರು, ಎಲ್ಲ ಬರೆದಿಡುತ್ತೇವೆ. ಬರೆಯುವುದೂ ಈ ಕೆಲಸದ ಭಾಗ. ವರ್ಷದ ಕೊನೆಗೆ ಅದನ್ನು ಎಲ್ಲರ ಮುಂದೆ ಓದುವ ಸಂಜೆಯನ್ನೇ ನೀವು ಸನ್ಮಾನ ಅನ್ನುತ್ತಿದ್ದೀರಿ.

ನಾನು ಸೇರಿದ್ದು ಮಗನಿಂದ. ಇಲ್ಲಿ 5ರಿಂದ 13 ವರ್ಷದ ಮಕ್ಕಳಿಗೆ ನಿಪ್ಪರ್ಸ್ ಅಂತ ಇರುತ್ತದೆ. ಭಾನುವಾರ ಬೆಳಗ್ಗೆ ಮಕ್ಕಳು ಬೀಚಿನಲ್ಲಿ ಓಡುವುದು, ಅಲೆಗೆ ಇಳಿಯುವುದು, ಬೋರ್ಡ್ ಹಿಡಿಯುವುದು ಕಲಿಯುತ್ತಾರೆ. ಮಕ್ಕಳು ನೀರಿಗೆ ಇಳಿಯಬೇಕಾದರೆ ತರಬೇತಾದ ದೊಡ್ಡವರು ಅವರ ಜೊತೆ ನೀರಲ್ಲಿ ನಿಲ್ಲಬೇಕು. ಹಾಗೆ ನಿಲ್ಲುವವರು ಹೆಚ್ಚಿನಂಶ ಅಪ್ಪ ಅಮ್ಮಂದಿರೇ. ನಾನು ಮರಳಲ್ಲಿ ಕೂತು ಟವೆಲ್ ಕಾಯುತ್ತಿದ್ದೆ. ಬೇರೆಯವರು ನನ್ನ ಮಗನನ್ನು ಕಾಯುತ್ತಿದ್ದರು. ಅದು ನನಗೆ ಸರಿ ಅನ್ನಿಸಲಿಲ್ಲ.

36ನೇ ವಯಸ್ಸಿಗೆ ಈಜು ಕಲಿಯಲು ಶುರು ಮಾಡಿದೆ. ಬೀಚ್ ಕಾಯಬೇಕಾದರೆ ಬ್ರಾಂಜ್ ಮೆಡಾಲಿಯನ್ ಅನ್ನುವ ಪರೀಕ್ಷೆ ಪಾಸಾಗಬೇಕು. ಅದಕ್ಕೆ 400 ಮೀಟರ್ ಈಜನ್ನು 9 ನಿಮಿಷದೊಳಗೆ ಮುಗಿಸಬೇಕು. ಮೊದಲ ಸಲ ನನಗೆ ಆಗಲಿಲ್ಲ. ಮುಂದಿನ ವರ್ಷ ಆಯಿತು. ಆಮೇಲೆ ಇನ್ನೊಂದು ಇದೆ: 200 ಮೀಟರ್ ಓಟ, 200 ಮೀಟರ್ ಸಮುದ್ರದಲ್ಲಿ ಈಜು, ಮತ್ತೆ 200 ಮೀಟರ್ ಓಟ. ಎಲ್ಲ ಸೇರಿ 8 ನಿಮಿಷ. ಒಂದು ಸಲ ಪಾಸಾದರೆ ಮುಗಿಯಿತು ಅಂತಲೂ ಇಲ್ಲ. ಪ್ರತಿ ಸೀಸನ್‌ಗೂ ಓಡಿ, ಈಜಿ ತೋರಿಸಬೇಕು, ಸಿಪಿಆರ್ (ಎದೆ ಒತ್ತಿ, ಉಸಿರು ಕೊಡುವುದು) ಮಾಡಿ ತೋರಿಸಬೇಕು. ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ, "ಶನಿವಾರ ಪ್ಯಾಟ್ರೋಲ್ ಡ್ಯೂಟಿ ಇದೆ" ಅಂತ. "ಅಷ್ಟು ಓದಿಕೊಂಡು ಪೆಟ್ರೋಲ್ ಬಂಕಿಗೆ ಯಾಕೆ ಹೋಗ್ತೀಯೇ?" ಅಂದಳು. ಅವತ್ತಿನಿಂದ ಅಮ್ಮನ ಹತ್ತಿರ ನಾನು 'ಸಮುದ್ರ ಕಾಯೋಕೆ ಹೋಗ್ತೀನಿ' ಅಂತಲೇ ಹೇಳುವುದು.

ಎರಡನೇ ಪ್ರಶ್ನೆ ಬಂದೇ ಬರುತ್ತದೆ. "ಎಷ್ಟು ಜನರನ್ನು ಉಳಿಸಿದ್ದೀರಾ?"

ನನಗೆ ಸರ್ಟಿಫಿಕೇಟ್ ಸಿಕ್ಕ ವರ್ಷ ನಾನು ಒಬ್ಬರನ್ನೂ ನೀರಿನಿಂದ ಎಳೆದು ತರಲಿಲ್ಲ. ಅದು ಸಿಕ್ಕಿದ್ದು ನನ್ನ ಪಾಳಿಯ ಒಂದು ದಿನವನ್ನೂ ತಪ್ಪಿಸಲಿಲ್ಲ ಅಂತ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಸಿನಿಮಾದ ಸೀನ್ ಬೇಕಿರುತ್ತದೆ.

ಅಂಥ ದಿನವೂ ಇಲ್ಲಿನ ಚರಿತ್ರೆಯಲ್ಲಿ ಇದೆ. 1938ರ ಫೆಬ್ರುವರಿ 6, ಭಾನುವಾರ, ಸಿಡ್ನಿಯ ಬೊಂಡಾಯ್ ಬೀಚ್. ಒಂದರ ಹಿಂದೆ ಒಂದು ದೊಡ್ಡ ಅಲೆ ಬಂದು ಸುಮಾರು 250 ಜನರನ್ನು ಒಳಗೆ ಎಳೆದುಕೊಂಡು ಹೋಯಿತು. ದಡದಲ್ಲಿದ್ದ ಲೈಫ್‌ಸೇವರ್‌ಗಳು ಸಿಕ್ಕಿದ್ದನ್ನು ಹಿಡಿದು ನೀರಿಗೆ ಬಿದ್ದರು. 5 ಜನ ಸತ್ತರು, ಉಳಿದವರೆಲ್ಲ ದಡಕ್ಕೆ ಬಂದರು. ಆ ದಿನಕ್ಕೆ ಒಂದು ಹೆಸರೇ ಇದೆ, ಬ್ಲ್ಯಾಕ್ ಸಂಡೇ. ಅದನ್ನು ನೆನಪಿಡಲು ಯಾರೂ ಸಮಾರಂಭ ಮಾಡಬೇಕಾಗಿಲ್ಲ, ಅದು ನೆನಪಿರುತ್ತದೆ.

ಏನೂ ಆಗದ ಶನಿವಾರವನ್ನು ಯಾರು ನೆನಪಿಡುತ್ತಾರೆ?

ಅಂಥದ್ದೊಂದು ಶನಿವಾರದ ಕಥೆ ಹೇಳುತ್ತೇನೆ. ಜನವರಿ ತಿಂಗಳು, ಇಲ್ಲಿ ಆಗ ಬೇಸಿಗೆ, ವಿಪರೀತ ಬಿಸಿಲು. ಎಲ್ಲಿ ಇಳಿಯಬಹುದು ಅಂತ ತೋರಿಸಲು ನಾವು ನೆಟ್ಟ ಬಾವುಟಗಳಿಂದ ತುಂಬಾ ದೂರ, ಬಂಡೆಗಳ ಪಕ್ಕದಲ್ಲಿ ಒಂದು ಕುಟುಂಬ ಚಾಪೆ ಹಾಸುತ್ತಿತ್ತು. ನಾನೂ ನನ್ನ ಜೊತೆಯ ಹುಡುಗನೂ ಆ ಕಡೆ ನಡೆದು ಹೋಗುತ್ತಿದ್ದೆವು. ಗಾಳಿಯಲ್ಲಿ ಕನ್ನಡ ಕೇಳಿಸಿತು. "ಇಲ್ಲಿ ಅಲೆನೇ ಇಲ್ಲ, ಎಷ್ಟು ಚೆನ್ನಾಗಿದೆ, ಇಲ್ಲೇ ಇಳಿಯೋಣ ಬನ್ನಿ." ಅಜ್ಜಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹೊರಟಿದ್ದರು. ಎರಡೂ ಕೈಯಲ್ಲಿ ಒಂದೊಂದು ಮಗು.

ಅಲೆ ಇಲ್ಲದ ಆ ಜಾಗ ಯಾವುದು ಗೊತ್ತಾ? ಅದೇ ರಿಪ್, ಅಂದರೆ ಸೆಳವು. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಲು ಒಂದು ದಾರಿ ಮಾಡಿಕೊಳ್ಳುತ್ತದೆ. ಅಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ. ಎರಡೂ ಕಡೆ ಬಿಳಿ ನೊರೆ, ನಡುವೆ ಕಡು ಬಣ್ಣದ ಶಾಂತ ನೀರು. ಕೆರೆ ನೋಡಿ ಬೆಳೆದ ನಮ್ಮ ಕಣ್ಣಿಗೆ ಇಡೀ ಬೀಚಿನಲ್ಲಿ ಅದೇ ಒಳ್ಳೆಯ ಜಾಗದ ಹಾಗೆ ಕಾಣುತ್ತದೆ.

"ಅಜ್ಜೀ, ಅಲ್ಲಿ ಇಳೀಬೇಡಿ!" ಅಂತ ಕೂಗಿದೆ. ಅವರು ಗಕ್ಕನೆ ನಿಂತರು. ಆ ದೂರದ ದಡದಲ್ಲಿ ಯಾರೋ ಕನ್ನಡದಲ್ಲಿ ಕೂಗುತ್ತಾರೆ ಅಂತ ಅವರು ಎಣಿಸಿರಲಿಲ್ಲ. ಹತ್ತಿರ ಹೋಗಿ ನೀರು ತೋರಿಸಿ ವಿವರಿಸಿದೆ. ಚಾಪೆ ಸುತ್ತಿಕೊಂಡು ಎಲ್ಲರೂ ನಮ್ಮ ಜೊತೆ ಬಾವುಟದ ಹತ್ತಿರ ಬಂದರು. ಅಲ್ಲಿ ಅಜ್ಜಿ ಕೇಳಿದರು, "ಇದೇನಮ್ಮಾ, ಇಲ್ಲಿ ಕನ್ನಡ ಬಾವುಟ ಹಾಕಿದ್ದಾರೆ?" ನಮ್ಮದರಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ. ಇಲ್ಲಿನದರಲ್ಲಿ ಕೆಂಪು ಮೇಲೆ, ಹಳದಿ ಕೆಳಗೆ. ನಾನು ಅದನ್ನು ಅಷ್ಟು ವರ್ಷ ನೆಟ್ಟಿದ್ದೆ, ಒಂದು ದಿನವೂ ಹಾಗೆ ಯೋಚಿಸಿರಲಿಲ್ಲ. ಈಗ ಬಾವುಟ ನೆಡುವಾಗೆಲ್ಲ ಅಜ್ಜಿಯ ನೆನಪಾಗುತ್ತದೆ.

ಅವತ್ತಿನ ದಾಖಲೆಯಲ್ಲಿ 'ಮುಂಜಾಗ್ರತೆ' ಅನ್ನುವ ಕಡೆ ಲೆಕ್ಕಕ್ಕೆ ಒಂದು ಸೇರಿತು, ಅಷ್ಟೇ. ಆ ಮಕ್ಕಳಿಗೆ ಏನೂ ಆಗಲಿಲ್ಲ. ಏನೂ ಆಗದಿದ್ದಕ್ಕೆ ಪೇಪರಿನಲ್ಲಿ ಸುದ್ದಿ ಬರುವುದಿಲ್ಲ. ಯಾರೂ ಥ್ಯಾಂಕ್ಸ್ ಹೇಳಬೇಕಾಗಿಯೂ ಇಲ್ಲ, ಏಕೆಂದರೆ ಏನು ತಪ್ಪಿತು ಅಂತ ಅವರಿಗೆ ಪೂರ್ತಿ ಗೊತ್ತೇ ಇರುವುದಿಲ್ಲ. ಅದಕ್ಕೆ ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಯಾರು ಎಷ್ಟು ಗಂಟೆ ಬಿಸಿಲಲ್ಲಿ ನಿಂತರು, ಯಾರು ಇಡೀ ಚಳಿಗಾಲ ಶೆಡ್ಡಿನಲ್ಲಿ ಕೂತು ರಬ್ಬರ್ ದೋಣಿಯ ಎಂಜಿನ್ ಬಿಚ್ಚಿ ಜೋಡಿಸಿದರು, ಯಾರು ಹೊಸಬರಿಗೆ ಬೆಳಗಿನ ಚಳಿಯಲ್ಲಿ ಈಜು ಹೇಳಿಕೊಟ್ಟರು. ನಮ್ಮ ಎಂಜಿನ್ ರಿಪೇರಿ ಮಾಡುವವರು ಎಂದೂ ಕೆಂಪು-ಹಳದಿ ಟೋಪಿ ಹಾಕಿದವರಲ್ಲ. ಅವರ ಹೆಸರು ಕರೆದಾಗ ಇಡೀ ಹಾಲ್ ಎದ್ದು ನಿಂತಿತು. ಅವರು ವೇದಿಕೆಗೆ ಬರುವ ಮೊದಲು ಕರವಸ್ತ್ರದಲ್ಲಿ ಎರಡು ಸಲ ಕೈ ಒರೆಸಿಕೊಂಡರು, ಗ್ರೀಸ್ ಇದೆಯೇನೋ ಅನ್ನುವ ಹಾಗೆ.

ಅದೇ ಸಂಜೆ ಇನ್ನೊಂದು ಆಯಿತು. ಅದನ್ನು ಹೇಳದೆ ಈ ಉತ್ತರ ಮುಗಿಯುವುದಿಲ್ಲ.

ನಮ್ಮ ಕ್ಲಬ್ಬಿನಲ್ಲಿ 70 ದಾಟಿದ ಒಬ್ಬ ಹೆಂಗಸಿದ್ದಾರೆ. ಅವತ್ತು ಅವರಿಗೆ 40 ವರ್ಷದ ಸೇವೆಗೆ ಗೌರವ. ಆಸ್ಟ್ರೇಲಿಯಾದಲ್ಲಿ ಈ ಸರ್ಫ್ ಕ್ಲಬ್ಬುಗಳ ಸಂಘಟನೆ ಹುಟ್ಟಿದ್ದು 1907ರಲ್ಲಿ. ಹೆಂಗಸರನ್ನು ಬೀಚ್ ಕಾಯುವ ಪೂರ್ಣ ಸದಸ್ಯರಾಗಿ ಒಪ್ಪಿಕೊಂಡಿದ್ದು 1980ರಲ್ಲಿ. ನಡುವೆ 73 ವರ್ಷ. ಅವರು 1980ರ ನಂತರದ ಮೊದಲ ತಂಡದಲ್ಲಿ ಬ್ರಾಂಜ್ ಪಡೆದವರು.

ಕ್ಲಬ್ಬಿನ ಗೋಡೆಯ ಮೇಲೆ ಮರದ ಹಲಗೆಗಳಿವೆ. ಚಿನ್ನದ ಬಣ್ಣದಲ್ಲಿ ವರ್ಷ, ಪಕ್ಕದಲ್ಲಿ ಹೆಸರು. ಅವರು ಮೈಕ್ ಹಿಡಿದು ಆ ಹಲಗೆಗಳ ಕಡೆ ಕೈ ತೋರಿಸಿದರು. "ನನ್ನಮ್ಮ ಇಪ್ಪತ್ತು ವರ್ಷ ಈ ಅಡುಗೆಮನೆಯಲ್ಲಿ ಸ್ಯಾಂಡ್‌ವಿಚ್ ಮಾಡಿದಳು, ರ್‍ಯಾಫಲ್ ಟಿಕೆಟ್ ಮಾರಿ ದೋಣಿಗೆ ದುಡ್ಡು ಸೇರಿಸಿದಳು. ಅವಳ ಹೆಸರನ್ನು ಅಲ್ಲಿ ಹುಡುಕಿ" ಅಂದರು. ಯಾರೂ ಹುಡುಕಲಿಲ್ಲ. ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ನನಗೆ ನಮ್ಮಜ್ಜಿ ನೆನಪಾದಳು. ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರಿದೆ, ಫ್ಯಾನಿನ ಮೇಲೆ ಇದೆ, ಗೋಡೆಯ ಕಲ್ಲಿನ ಮೇಲೆ ಇದೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಕೊಟ್ಟವರ ಹೆಸರು ಇರಲಿ. ಆದರೆ ಜಾತ್ರೆಗೆ ಪ್ರತಿ ವರ್ಷ ನೂರಾರು ಜನರಿಗೆ ಅನ್ನ ಬಸಿದ ನಮ್ಮಜ್ಜಿಯ ಹೆಸರು ಎಲ್ಲೂ ಇಲ್ಲ. ಅವಳು ಸದ್ದಿಲ್ಲದೆ ಸೇವೆ ಮಾಡಿದಳು. ನೀವು ಹೇಳಿದ ಹಾಗೆಯೇ ಮಾಡಿದಳು, ಅಂಕಲ್. ಈಗ ಅದು ನೆನಪಿರುವುದು ನನಗೆ ಮತ್ತು ನನ್ನಮ್ಮನಿಗೆ, ಇಬ್ಬರಿಗೇ.

ಅದಕ್ಕೇ ಆ ಸಂಜೆ ಬೇಕು. ಅದಕ್ಕೇ ಫೋಟೊ ಹಾಕಿದೆ, ಇನ್ನೂ ಹಾಕುತ್ತೇನೆ.

ನಿಜ ಹೇಳಬೇಕು ಅಂದರೆ ನನಗೆ ಸಿಟ್ಟು ಬರುವುದು ಕೇಳಿದ ಪ್ರಶ್ನೆಗಿಂತ ಜಾಸ್ತಿ ಕೇಳದ ಪ್ರಶ್ನೆಗೆ. ಬೇಸಿಗೆ ರಜೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಎಲ್ಲರೂ ಅವರನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಯಾವ ಹೋಟೆಲ್, ಎಲ್ಲಿ ಪಾರ್ಕಿಂಗ್, ಎಲ್ಲ ನನ್ನನ್ನು ಕೇಳುತ್ತಾರೆ. "ನೀರಿಗೆ ಎಲ್ಲಿ ಇಳೀಬೇಕು?" ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಾವು ಬಯಲುಸೀಮೆಯವರು. ಸಮುದ್ರವನ್ನು ನಾನು ಮೊದಲು ನೋಡಿದ್ದು ಶಾಲಾ ಪ್ರವಾಸದಲ್ಲಿ. ಬಸ್ಸಿನಿಂದ ಇಳಿದ ಕೂಡಲೇ ಕಿರುಚಿಕೊಂಡು ನೀರಿಗೆ ಓಡಿದ್ದೆವು. 2024ರ ಡಿಸೆಂಬರ್‌ನಲ್ಲಿ ಹಾಗೇ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಅದೇ ವರ್ಷದ ಜನವರಿಯಲ್ಲಿ ಇಲ್ಲಿನ ಫಿಲಿಪ್ ಐಲೆಂಡ್‌ನಲ್ಲಿ, ಕಾವಲಿಲ್ಲದ ಬೀಚಿನಲ್ಲಿ, ಭಾರತ ಮೂಲದ ನಾಲ್ವರು ಮುಳುಗಿ ಸತ್ತರು. ಎರಡೂ ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಕೇಳದಿದ್ದರೂ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಕೆಂಪು-ಹಳದಿ ಬಾವುಟ ಎರಡು ಇರುತ್ತವೆ, ಅವುಗಳ ನಡುವೆ ಮಾತ್ರ ಇಳಿಯಿರಿ. ಬೆಳಗ್ಗೆ ನೀರು ನೋಡಿಯೇ ಅವನ್ನು ನೆಡುತ್ತೇವೆ. ನೀರು ಬದಲಾದರೆ ಕಿತ್ತು ಬೇರೆ ಕಡೆ ನೆಡುತ್ತೇವೆ. ಆಗ ನೀವೂ ಜೊತೆಗೆ ಸರಿಯಿರಿ, ಬೇಸರ ಮಾಡಿಕೊಳ್ಳಬೇಡಿ. ಬಾವುಟ ಇಲ್ಲದ ಬೀಚಿನಲ್ಲಿ ಮರಳ ಮೇಲೆ ಕೂತು ಚುರುಮುರಿ ತಿನ್ನಿ, ಸಾಕು. ಸೆಳವಿಗೆ ಸಿಕ್ಕರೆ ಅದರ ಎದುರು ದಡದ ಕಡೆ ಈಜಬೇಡಿ, ಸುಸ್ತಾಗಿಬಿಡುತ್ತದೆ. ಸೆಳವು ಹೊರಗೆ ಒಯ್ಯುತ್ತದೆ, ಕೆಳಗೆ ಎಳೆಯುವುದಿಲ್ಲ. ಗಾಬರಿಯಾಗದೆ ತೇಲಿ, ಒಂದು ಕೈ ಮೇಲೆತ್ತಿ. ನಾವು ಆ ಕೈಗಾಗಿಯೇ ನೋಡುತ್ತಿರುತ್ತೇವೆ. ಮನೆಯವರು ಯಾರಾದರೂ ಸಿಕ್ಕಿಕೊಂಡರೆ ಬರಿಗೈಯಲ್ಲಿ ಹಾರಬೇಡಿ. ತೇಲುವ ಏನಾದರೂ ಎಸೆಯಿರಿ, ನಮ್ಮನ್ನು ಕೂಗಿ. ಕಾವಲು ಇಲ್ಲದಿದ್ದರೆ ಇಲ್ಲಿನ ತುರ್ತು ನಂಬರ್ 000ಕ್ಕೆ ಫೋನ್ ಮಾಡಿ.

ಸೆಪ್ಟೆಂಬರ್ ಕೊನೆಗೆ ಮತ್ತೆ ಸೀಸನ್ ಶುರು, ಏಪ್ರಿಲ್ 25ರ ಆನ್ಜಾಕ್ ದಿನದ (ಯೋಧರನ್ನು ನೆನೆಯುವ ರಜಾದಿನ) ಆಸುಪಾಸಿನವರೆಗೆ. ಈ ಸಲ ನನ್ನ ಮಗನಿಗೆ 15 ತುಂಬುತ್ತದೆ, ಅವನೂ ಬ್ರಾಂಜ್ ಪರೀಕ್ಷೆಗೆ ಕೂರುತ್ತಿದ್ದಾನೆ. ಅಂಕಲ್, ಊರಿಂದ ನಿಮ್ಮ ಮೊಮ್ಮಕ್ಕಳು ಬರುತ್ತಾರೆ ಅಂತ ಕೇಳಿದೆ. ಯಾವ ದಿನ ಬೀಚಿಗೆ ಹೋಗುತ್ತೀರಿ ಅಂತ ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕಿ. ಯಾವ ಬೀಚಿನಲ್ಲಿ ಎಷ್ಟು ಗಂಟೆಯಿಂದ ಕಾವಲು ಇದೆ ಅಂತ ನೋಡಿ ಹೇಳುತ್ತೇನೆ.