ಅಡುಗೆಮನೆಯ ಕಲ್ಲಿನಿಂದ ಎದ್ದ ಗುಳ್ಳೆ

"ಇದೇ ಕಲ್ಲೇ, ಕಾಕಾ?" ಮಂಗಳವಾರ ಸಂಜೆಯಿಂದ ಅಣ್ಣನ ಮಗನ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಅವ್ವ ಉಪ್ಪಿನಕಾಯಿಗೆ ನಿಂಬೆಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲೇ ನೆಲದ ಮೇಲೆ ಕುಳಿತ ಹುಡುಗ ಪರೀಕ್ಷೆಗೆ ಬಾಯಿಪಾಠ ಮಾಡುತ್ತಿದ್ದ: "ಸುಣ್ಣದ ಕಲ್ಲು ಕಣಶಿಲೆ, ಆಮ್ಲ ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ." ಅಷ್ಟರಲ್ಲಿ ಅವ್ವ, "ತಮ್ಮಾ, ಸರಿದು ಕುಳಿತುಕೋ. ಹುಳಿ ಬಿದ್ದರೆ ನೆಲದ ಪರಸಿ ಕಲ್ಲನ್ನು ತಿನ್ನುತ್ತದೆ" ಎಂದಳು. ಇಬ್ಬರೂ ಒಂದೇ ಮಾತನ್ನು ಹೇಳುತ್ತಿದ್ದರು. ಅದು ಇಬ್ಬರಿಗೂ ಗೊತ್ತಿರಲಿಲ್ಲ.

"ಸುಣ್ಣದ ಕಲ್ಲನ್ನು ಎಲ್ಲಾದರೂ ನೋಡಿದ್ದೀಯಾ?" ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದ. ನಾನು ಅವನು ಕುಳಿತ ಶಹಾಬಾದ್ ಕಲ್ಲನ್ನು ತಟ್ಟಿ ತೋರಿಸಿದೆ. ಆಗ ಬಂದದ್ದು ಆ ಮಾತು. ಹುಟ್ಟಿದಾಗಿನಿಂದ ಅಂಬೆಗಾಲಿಟ್ಟ, ಬಿದ್ದ, ಬೇಸಿಗೆಯ ರಾತ್ರಿ ತಂಪಿಗೆಂದು ಬರಿಮೈಯಲ್ಲಿ ಮಲಗಿದ ನೆಲ ಅದು.

ಹುಡುಗನ ತಪ್ಪೇನೂ ಇಲ್ಲ. ಪ್ರಶ್ನೆಗೆ ಉತ್ತರ ಬರೆಸಿ, ಉತ್ತರವನ್ನು ಉರು ಹೊಡೆಸುವ ಮೇಷ್ಟ್ರ ಮೇಲೆ ನನಗೆ ಸಿಟ್ಟಿದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ಈ ಕಲ್ಲಿನ ಮೇಲೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಅದನ್ನು ಪುಸ್ತಕದಲ್ಲಿ ಹುಡುಕಿಸುವುದೇ?

ಮೂಲೆಯ ಕಲ್ಲನ್ನು ಮೊಳೆಯಿಂದ ಗೀರಿ, ಪುಡಿಯ ಮೇಲೆ ನಿಂಬೆರಸದ ಒಂದು ಹನಿ ಹಿಂಡಿದೆವು. ಅಪ್ಪನ ಭೂತಗನ್ನಡಿ ಹಿಡಿದು ಇಬ್ಬರೂ ತಲೆಗೆ ತಲೆ ತಾಗಿಸಿ ಬಾಗಿದೆವು. ಮೊದಲು ಏನೂ ಇಲ್ಲ. ಆಮೇಲೆ ಗೀರಿನುದ್ದಕ್ಕೂ ಗಸಗಸೆಗಿಂತ ಸಣ್ಣ ಗುಳ್ಳೆಗಳು ಎದ್ದವು, ನಿಂತವು, ಒಂದೊಂದಾಗಿ ಒಡೆದವು. ಅವ್ವನೂ ಕೈ ಒರೆಸಿಕೊಂಡು ಬಂದು ನೋಡಿದಳು.

ಆ ಗುಳ್ಳೆಗಳನ್ನು ಈ ಮೂರು ದಿನ ಎಷ್ಟು ಸಲ ನೆನೆದಿದ್ದೇನೋ. ಭೀಮಾ ಸೀಮೆಯ ಈ ಕಲ್ಲು ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. 54 ಕೋಟಿ ವರ್ಷಗಳಿಗಿಂತ ಹಳೆಯದೆಂದು ಭೂವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ. ಆಗಿನ ನೀರಿನಲ್ಲಿ ಕರಗಿದ್ದ ಇಂಗಾಲ ಕಲ್ಲಿನಲ್ಲಿ ಸೆರೆಯಾಗಿ, ಮೊನ್ನೆ ಒಂದು ಹನಿ ಹುಳಿಗೆ ಬಿಡುಗಡೆಯಾಗಿ ನಮ್ಮ ಅಡುಗೆಮನೆಯ ಗಾಳಿಗೆ ಸೇರಿತು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ದಖ್ಖನ್ನಿನ ಲಾವಾ ಉಕ್ಕಿ ಹರಿದು ಈ ಸೀಮೆಯ ಸುಣ್ಣದ ಕಲ್ಲನ್ನೂ ಬಹಳ ಕಡೆ ಮುಚ್ಚಿತು. ಆ ಲಾವಾ ಆರಿ, ಕಪ್ಪು ಕಲ್ಲಾಗಿ, ಸವೆದು ಆದದ್ದೇ ನಾವು ತೊಗರಿ ಬಿತ್ತುವ ಎರೆ ಮಣ್ಣು. ಹೊಲ ಬೆಂಕಿಯಿಂದ ಬಂತು, ಮನೆಯ ನೆಲ ನೀರಿನಿಂದ. ಇಷ್ಟನ್ನು ಕಟ್ಟಿಕೊಂಡೇ ಬದುಕುತ್ತಿದ್ದೇವೆ. ಅಣ್ಣ ಮಾತ್ರ ಪಡಸಾಲೆಯ ಪರಸಿ ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದ. ಆಗ ನಾನು ಸುಮ್ಮನಿದ್ದೆ; ಈಗ ಹೊಟ್ಟೆ ಉರಿಯುತ್ತದೆ.

ಅವ್ವ ಒದ್ದೆ ಬಟ್ಟೆಯಿಂದ ಒರೆಸಿದಳು. ಗೀರಿದ ಜಾಗದಲ್ಲಿ ಬಿಳಿ ಕಲೆ ಉಳಿಯಿತು. ನಾವು ಚಿಕ್ಕವರಿದ್ದಾಗ ಇಷ್ಟಕ್ಕೇ ಬೆನ್ನಿಗೆ ಬೀಳುತ್ತಿತ್ತು. ಈ ಸಲ ಅವಳು ಕಲೆಯ ಮೇಲೆ ಬೆರಳಾಡಿಸಿ, "ಅಷ್ಟು ಹಳೆಯದೇನು!" ಎಂದಳು.

ಮಲಗುವ ಹೊತ್ತಿಗೆ ಹುಡುಗ ಮತ್ತೆ ಕೇಳಿದ: "ಆ ಸಮುದ್ರದ ದಂಡೆ ಎಲ್ಲಿತ್ತು, ಕಾಕಾ?" ನನ್ನಲ್ಲಿ ಉತ್ತರವಿರಲಿಲ್ಲ. ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಶಹಾಬಾದಿಗೆ ಹೋಗಿ, ಕಲ್ಲಿನ ಗಣಿಯ ಅಂಚಿನಲ್ಲಿ ನಿಂತು ಪದರಗಳನ್ನಾದರೂ ಎಣಿಸಿ ಬರುತ್ತೇವೆ. ಅವ್ವ ಬುತ್ತಿ ಕಟ್ಟಿಕೊಡುತ್ತಾಳೆ.