ಜೀವ ಕಳೆಯುವ ಆ ಒಂದು ಬೈಟ್

ಹಳೆಯ ಕನ್ಸೋಲ್ ಆಟಗಳನ್ನು ಹೊಸ ಯಂತ್ರಗಳಲ್ಲಿ ಮರುಬಿಡುಗಡೆ ಮಾಡುವ ತಂಡದಲ್ಲಿ ನಾನು ಪರೀಕ್ಷಕ. ದಿನವಿಡೀ ಆಟವಾಡಿ ಸಂಬಳ ಎಣಿಸುವವನು ಎಂದು ಪರಿಚಿತರು ರೇಗಿಸುತ್ತಾರೆ. ಆದರೆ ಆಡುವುದಕ್ಕೆ ನಮಗೆ ಪುರಸೊತ್ತು ಎಲ್ಲಿದೆ? ಕೊನೆಯ ಹಂತದಲ್ಲಿ ಸದ್ದು ಒಡೆಯುತ್ತದೆ ಎಂಬ ದೂರು ಬಂದರೆ ಪ್ರತಿ ಸಲವೂ ಅಲ್ಲಿಯವರೆಗೆ ಪ್ರಾಮಾಣಿಕವಾಗಿ ಆಡಿಕೊಂಡು ಹೋಗುವುದು ಆಗದ ಮಾತು. ಹಾಗಾಗಿ ಆಟದ ನಿಯಮ ಮುರಿದು ಜೀವ, ಶಕ್ತಿ ಉಳಿಸಿಕೊಡುವ ಚೀಟ್ ಕೋಡ್ ನಮಗೆ ನಿತ್ಯದ ಉಪಕರಣ. ಗುಂಡಿಗಳನ್ನು ಗೊತ್ತಾದ ಕ್ರಮದಲ್ಲಿ ಒತ್ತಿದರೆ ಆಟಗಾರನಿಗೆ ಬಲ ಕೊಡುವ ಕೊನಾಮಿ ಕೋಡ್ ಹುಟ್ಟಿದ್ದೂ ಇದೇ ಕಾರಣಕ್ಕೆ. 1986ರಲ್ಲಿ ‘ಗ್ರೇಡಿಯಸ್’ ಆಟವನ್ನು ನಿಂಟೆಂಡೊ ಕನ್ಸೋಲ್ ಫ್ಯಾಮಿಕಾಮ್‌ಗೆ ತರುತ್ತಿದ್ದ ಕಜುಹಿಸಾ ಹಾಶಿಮೊಟೊ ಅವರಿಗೆ ತಾವೇ ತಯಾರಿಸಿದ ಆಟವನ್ನು ಆಡಿ ಮುಗಿಸುವುದು ಕಷ್ಟವಾಗಿತ್ತು.

ಹೊಸಬರಿಗೆ ನಾನು ಮೊದಲು ಕೊಡುವ ಕೆಲಸ, ಫ್ಯಾಮಿಕಾಮ್‌ನ ಹೊರದೇಶದ ರೂಪವಾದ ಎನ್‌ಇಎಸ್ ಆಟವೊಂದರಲ್ಲಿ ಜೀವಗಳ ಎಣಿಕೆ ಮೆಮೊರಿಯ ಯಾವ ವಿಳಾಸದಲ್ಲಿದೆ ಎಂದು ಪತ್ತೆ ಮಾಡುವುದು. ಯಂತ್ರದ ಮುಖ್ಯ ಮೆಮೊರಿ ಬರೀ 2,048 ಬೈಟ್, ಅಂದರೆ 0ರಿಂದ 255ರವರೆಗಿನ ಒಂದೊಂದು ಸಂಖ್ಯೆ ಹಿಡಿಸುವ ಅಷ್ಟು ಗೂಡುಗಳು. ಎಫ್‌ಸಿಇಯುಎಕ್ಸ್ ಅಥವಾ ಬಿಜ್‌ಹಾಕ್‌ನಂಥ ಎಮ್ಯುಲೇಟರ್‌ನಲ್ಲಿ (ಕನ್ಸೋಲನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ತಂತ್ರಾಂಶ) ಮೆಮೊರಿ ಹುಡುಕುವ ಕಿಟಕಿ ತೆರೆದರೆ ಸಾಕು. ಪರದೆಯ ಮೇಲೆ 3 ಕಂಡರೆ ಎಲ್ಲರೂ 3 ಎಂದೇ ಹುಡುಕುತ್ತಾರೆ, ಏನೂ ಸಿಗದೆ ನನ್ನ ಮುಖ ನೋಡುತ್ತಾರೆ. ಎಷ್ಟೋ ಆಟಗಳು ಅದನ್ನು ಒಳಗೆ 2 ಎಂದು ಇಟ್ಟುಕೊಂಡಿರುತ್ತವೆ. ಅಂಕಗಳನ್ನು ಅಂಕಿಗೊಂದು ಬೈಟ್‌ನಂತೆ ಬಿಡಿಬಿಡಿಯಾಗಿ ಇಡುವ ಆಟಗಳೂ ಇವೆ. ಅಲ್ಲಿ 12,500 ಎಂದು ಹುಡುಕಿ ಫಲವಿಲ್ಲ. ಆದ್ದರಿಂದ ಸಂಖ್ಯೆಯ ಬೆನ್ನು ಹತ್ತದೆ ಬದಲಾವಣೆಯ ಬೆನ್ನು ಹತ್ತಬೇಕು. ಒಂದು ಜೀವ ಹೋದಾಗ ‘ಕಡಿಮೆಯಾದದ್ದು’ ಎಂದು ಸೋಸಬೇಕು. ಏನೂ ಆಗದೆ ಸುಮ್ಮನೆ ನಡೆದಾಡಿದ ಮೇಲೆ ‘ಬದಲಾಗದ್ದು’ ಎಂದು ಸೋಸಬೇಕು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ಪಟ್ಟಿ ಸರಸರನೆ ಕರಗುವುದು ಅದರಿಂದಲೇ.

ಕೊನೆಗೆ ಎರಡು ಮೂರು ವಿಳಾಸಗಳು ಉಳಿಯುತ್ತವೆ. ಅವುಗಳಲ್ಲಿ ಒಂದು ಪರದೆಗೆ ತೋರಿಸಲು ಮಾಡಿಕೊಂಡ ನಕಲಾಗಿರಬಹುದು. ಅದನ್ನು 9ಕ್ಕೆ ಕಟ್ಟಿಹಾಕಿದರೆ ಪರದೆಯ ಮೇಲೆ 9 ಜೀವ ಕಾಣುತ್ತದೆ, ಆಟ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ಅಸಲಿ ವಿಳಾಸವೇ ಸಿಕ್ಕರೂ ಹೀಗೆ ಕಟ್ಟಿಹಾಕುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಪ್ರೋ ಆ್ಯಕ್ಷನ್ ರೀಪ್ಲೇ ಮಾದರಿಯ ಚೀಟ್ ಉಪಕರಣ ಮಾಡುವುದು ಇಷ್ಟೇ: ಮೆಮೊರಿಯ ಆ ಜಾಗದಲ್ಲಿ ಅದೇ ಬೆಲೆಯನ್ನು ಮತ್ತೆ ಮತ್ತೆ ಬರೆಯುವುದು. ಶಕ್ತಿಯನ್ನು 5ಕ್ಕೆ ನಿಲ್ಲಿಸಿದ್ದೀರಿ, ಒಂದೇ ಏಟಿಗೆ 8 ಹೋಯಿತು ಎನ್ನಿ. ಮುಂದಿನ ಬರಹ ಬರುವಷ್ಟರಲ್ಲಿ ಆಟ ‘ಸತ್ತ’ ಎಂದು ತೀರ್ಮಾನಿಸಿಬಿಟ್ಟಿರುತ್ತದೆ.

ಅದಕ್ಕೇ ನಮ್ಮಲ್ಲಿ ವಿಳಾಸ ಸಿಕ್ಕಿದರೆ ಕೆಲಸ ಅರ್ಧ ಮುಗಿದಂತೆ, ಅಷ್ಟೆ. ಉಳಿದರ್ಧ ಆ ವಿಳಾಸಕ್ಕೆ ಯಾರು ಬರೆಯುತ್ತಿದ್ದಾರೆ ಎಂದು ನೋಡುವುದು. ಆಟದ ಆಜ್ಞೆಗಳನ್ನು ಒಂದೊಂದಾಗಿ ತೋರಿಸುವ ಡಿಬಗ್ಗರ್‌ನಲ್ಲಿ ಆ ವಿಳಾಸಕ್ಕೆ ಬರೆದ ಕೂಡಲೇ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಹಾಕಿ, ಬೇಕೆಂದೇ ಹೋಗಿ ಸಾಯಿರಿ. ಆಟ ತಟ್ಟನೆ ನಿಲ್ಲುತ್ತದೆ. ಎದುರಿಗೆ ‘ಸಿ6 75’ ಎಂಬಂಥ ಸಾಲು ಕಾಣುತ್ತದೆ. ಇದರಲ್ಲಿ 75 ವಿಳಾಸ. ಎನ್‌ಇಎಸ್‌ನಲ್ಲಿರುವ 6502 ಮಾದರಿಯ ಪ್ರೊಸೆಸರ್‌ಗೆ ಸಿ6 ಎಂದರೆ ‘ಈ ಬೈಟ್‌ನಿಂದ ಒಂದು ಕಳೆ’ ಎಂಬ ಆಜ್ಞೆ. ಅದನ್ನು ಎ5 ಮಾಡಿದರೆ ‘ಈ ಬೈಟ್ ಓದು’ ಎಂದಾಗುತ್ತದೆ. ಎರಡೂ ಆಜ್ಞೆಗಳ ಉದ್ದ ಎರಡೇ ಬೈಟ್, ಆದ್ದರಿಂದ ಮುಂದಿನ ಸಾಲು ಅಲುಗುವುದಿಲ್ಲ. ಕಳೆಯುವ ಕೈಯನ್ನೇ ಹಿಡಿದ ಮೇಲೆ ಕಾವಲು ಬೇಕಿಲ್ಲ. ಒಂದೇ ಎಚ್ಚರ, ಎ5 ಪ್ರೊಸೆಸರ್‌ನ ಲೆಕ್ಕದ ಗೂಡಾದ ಅಕ್ಯುಮ್ಯುಲೇಟರ್‌ನಲ್ಲಿದ್ದ ಬೆಲೆಯನ್ನು ಅಳಿಸಿ ತನ್ನದನ್ನು ತುಂಬುತ್ತದೆ. ಮುಂದಿನ ಸಾಲುಗಳಿಗೆ ಹಳೆಯ ಬೆಲೆ ಬೇಕಿತ್ತೇ ಎಂದು ನೋಡಿಕೊಳ್ಳಬೇಕು.

ಗೇಮ್ ಜೀನಿ ಎಂಬ ಚೀಟ್ ಉಪಕರಣ ಮಾಡುತ್ತಿದ್ದದ್ದು ಇದನ್ನೇ. ಕಾರ್ಟ್ರಿಜ್ ಮತ್ತು ಕನ್ಸೋಲ್ ನಡುವೆ ಕುಳಿತು, ಗೊತ್ತುಮಾಡಿದ ವಿಳಾಸವನ್ನು ಪ್ರೊಸೆಸರ್ ಕೇಳಿದಾಗ ಬೇರೆ ಬೈಟ್ ಕೊಡುತ್ತಿತ್ತು. ಎನ್‌ಇಎಸ್‌ನ ಆರಕ್ಷರದ ಕೋಡ್‌ನಲ್ಲಿ ವಿಳಾಸ ಮತ್ತು ಹೊಸ ಬೈಟ್ ಅಡಗಿರುತ್ತವೆ. ಎಂಟಕ್ಷರದ್ದರಲ್ಲಿ ಅಲ್ಲಿ ಮೊದಲು ಇರಬೇಕಾದ ಬೈಟ್ ಕೂಡ ಸೇರುತ್ತದೆ. ದೊಡ್ಡ ಆಟಗಳು ಒಂದೇ ವಿಳಾಸದಲ್ಲಿ ಬೇರೆ ಬೇರೆ ಬ್ಯಾಂಕ್‌ಗಳನ್ನು (ಆಟದ ತುಂಡುಗಳನ್ನು) ಸರದಿಯಂತೆ ತಂದಿಡುತ್ತವೆ. ಹೀಗೆ ಮೊದಲಿನ ಬೈಟ್ ಹೋಲಿಸಿ ನೋಡದಿದ್ದರೆ ಸಂಬಂಧವೇ ಇಲ್ಲದ ಜಾಗಕ್ಕೂ ತಿದ್ದುಪಡಿ ಬೀಳುತ್ತದೆ. ಈ ಉಪಕರಣವನ್ನು ತಡೆಯಲು ನಿಂಟೆಂಡೊ ನ್ಯಾಯಾಲಯದಲ್ಲಿ ಹೋರಾಡಿ, 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು.

ಪ್ಲೇಸ್ಟೇಷನ್‌ಗೆ ಬಂದರೆ ಮೆಮೊರಿ 2 ಮೆಗಾಬೈಟ್. ಅಲ್ಲಿನ ಚೀಟ್ ಉಪಕರಣ ಗೇಮ್‌ಶಾರ್ಕ್‌ನ ಕೋಡ್ 30ರಿಂದ ಶುರುವಾದರೆ ಒಂದು ಬೈಟ್, 80ರಿಂದ ಶುರುವಾದರೆ ಎರಡು ಬೈಟ್ ಬರೆಯುತ್ತದೆ. ಒಂದು ಬೈಟ್ ಸಾಕಾದಲ್ಲಿ 80 ಬಳಸಿದರೆ ಪಕ್ಕದ ಬೈಟ್ ಹಾಳು. ಒಂದು ಹಂತದಲ್ಲಿ ಶಕ್ತಿ ಇದ್ದ ಜಾಗದಲ್ಲಿ ಮತ್ತೊಂದು ಹಂತದಲ್ಲಿ ಇನ್ನೇನೋ ಇರುವುದೂ ಉಂಟು. ಆಗ ‘ಡಿ0’ ಸಾಲು ಸೇರಿಸುತ್ತೇವೆ: ಇಂಥ ವಿಳಾಸದಲ್ಲಿ ಇಂಥ ಬೆಲೆ ಇದ್ದರೆ ಮಾತ್ರ ಮುಂದಿನ ಸಾಲು ನಡೆಯಲಿ ಎಂದು.

ಇಷ್ಟೆಲ್ಲ ಏಕೆಂದರೆ, ಚೀಟ್ ಹಾಕಿಕೊಂಡು ಕಂಡ ದೋಷ ಆಟದ್ದೋ ಚೀಟಿನದ್ದೋ ಎಂದು ತಿಳಿಯದೆ ಡೆವಲಪರ್‌ಗಳ ಬಳಿಗೆ ಹೋದರೆ ಅವರ ದಿನವೂ ಹಾಳು, ನಮ್ಮ ಮಾತಿನ ಬೆಲೆಯೂ ಹಾಳು. ಆದ್ದರಿಂದ ದೋಷ ಕಂಡ ಹಂತದವರೆಗೆ ಕೋಡ್ ಬಳಸಿ ಹೋಗುತ್ತೇವೆ, ಅಲ್ಲಿ ಕೋಡ್ ತೆಗೆದು ಅದೇ ದೋಷ ಮತ್ತೆ ಬರುತ್ತದೆಯೇ ಎಂದು ನೋಡುತ್ತೇವೆ, ಆಮೇಲೆಯೇ ವರದಿ. ತಂಡದ ಕೋಡ್ ಪಟ್ಟಿಯಲ್ಲಿ ಮೊದಲ ಕಾಲಂ ಆಟದ ಪ್ರದೇಶ ಮತ್ತು ಆವೃತ್ತಿಯದ್ದು, ಏಕೆಂದರೆ ಅಮೆರಿಕದ ಪ್ರತಿಯ ವಿಳಾಸ ಯುರೋಪಿನ ಪ್ರತಿಗೆ ಹೊಂದಬೇಕೆಂದೇನಿಲ್ಲ. ಆ ಕಾಲಂ ಖಾಲಿ ಬಿಟ್ಟ ಕೋಡ್ ಎಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ನಾನು ಅಳಿಸಿಹಾಕುತ್ತೇನೆ, ಬರೆದವರು ಬಂದು ಜಗಳವಾಡಲಿ.